ಆ ಒಂದು ಜಾಗಕ್ಕೆ ಕಾಯುವ ಕಿವಿ

ನಮ್ಮ ತುಮಕೂರಿನ ಮನೆಯಲ್ಲಿ ಒಂದು ಕ್ಯಾಸೆಟ್ ಇತ್ತು. ಅಂಗಡಿಯಿಂದ ತಂದದ್ದಲ್ಲ. ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಕೆಂಪು ಗುಂಡಿಯನ್ನೂ ಅದರ ಪಕ್ಕದ್ದನ್ನೂ ಒಟ್ಟಿಗೆ ಅದುಮಿ ಅಣ್ಣ ತುಂಬಿಸಿಕೊಂಡದ್ದು. ಹಾಡು ಮುಗಿಯುವವರೆಗೆ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ, ಬಾಗಿಲು ಎಳೆಯುವಂತಿಲ್ಲ. ಪುಟ್ಟಣ್ಣ ಕಣಗಾಲರ ‘ಗೆಜ್ಜೆ ಪೂಜೆ’ ಚಿತ್ರದ ‘ಗಗನವು ಎಲ್ಲೋ’ ಹಾಡನ್ನು ಹಿಡಿದ ದಿನ ನಾವೆಲ್ಲ ಸುಮ್ಮನಿದ್ದೆವು, ಕುಕ್ಕರ್ ಸುಮ್ಮನಿರಲಿಲ್ಲ. ಚರಣ ಮುಗಿಸಿ ಎಸ್. ಜಾನಕಿ ಪಲ್ಲವಿಗೆ ಮರಳುವ ಹೊತ್ತಿಗೆ ಸರಿಯಾಗಿ ಅದು ಉದ್ದಕ್ಕೆ ಕೂಗಿತು. ಹಿಂದೆಯೇ “ಅಯ್ಯೋ, ಒಲೆ ಆರಿಸೋದು ಮರೆತೆ ಕಣೋ” ಎಂಬ ಅಮ್ಮನ ಪಿಸುಮಾತು. ಅಳಿಸಿ ಮತ್ತೆ ಹಿಡಿಯೋಣವೆಂದರೆ ಆ ಹಾಡು ರೇಡಿಯೊದಲ್ಲಿ ಮತ್ತೆ ಯಾವತ್ತು ಬರುತ್ತದೋ ಯಾರಿಗೆ ಗೊತ್ತು? ಹಾಗೇ ಉಳಿಸಿಕೊಂಡೆವು, ನೂರಾರು ಸಲ ಹಾಗೇ ಕೇಳಿದೆವು.

ಈಗ ಅದೇ ಹಾಡು ಬೇಕೆಂದಾಗ ಫೋನಿನಲ್ಲಿ ಸಿಗುತ್ತದೆ. ಗರಗರ ಸದ್ದಿಲ್ಲ, ಟೇಪು ಎಳೆದಾಡುವುದಿಲ್ಲ, ಹಿಂದಿನ ವಾದ್ಯಗಳೆಲ್ಲ ಬಿಡಿಬಿಡಿಯಾಗಿ ಕೇಳುತ್ತವೆ. ಆದರೂ ಚರಣದ ಕೊನೆ ಬಂತೆಂದರೆ ನನ್ನ ಕಿವಿ ಆ ಕೂಗಿಗೆ ಕಾಯುತ್ತದೆ. ಕೂಗು ಬರುವುದಿಲ್ಲ. ಹಾಡು ಮೊದಲಿಗಿಂತ ಚೊಕ್ಕಟವಾಗಿದೆ, ಆದರೆ ನನ್ನ ಪಾಲಿಗೆ ಒಂದು ಗುಲಗಂಜಿಯಷ್ಟು ಕಡಿಮೆಯಾಗಿದೆ. ಹಾಗಾದರೆ ನನಗೆ ಪರಿಪೂರ್ಣ ಅನ್ನಿಸಿದ್ದು ಯಾವುದು? ವಿಜಯಭಾಸ್ಕರ್ ಕಟ್ಟಿದ ರಾಗವೇ, ಜಾನಕಿಯವರ ಕಂಠವೇ, ನಮ್ಮ ಅಡುಗೆಮನೆಯೇ? ಇಷ್ಟದ ಹಾಡೊಂದು ಕೇಳುಗನಿಗೆ ‘ಇದರಲ್ಲಿ ಒಂದು ಸ್ವರವೂ ಆಚೀಚೆ ಆಗಬಾರದು’ ಅನ್ನಿಸುವುದು ಏಕೆ ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಹೀಗೆ. ಈ ಪ್ರಶ್ನೆಗೆ ಸಾವಿರ ವರ್ಷದ ಹಿಂದಿನ ಉತ್ತರಗಳಿವೆ, ಇತ್ತೀಚಿನ ಪ್ರಯೋಗಾಲಯಗಳ ಉತ್ತರಗಳೂ ಇವೆ. ಎರಡನ್ನೂ ಒಟ್ಟಿಗಿಟ್ಟು ನೋಡಬೇಕೆಂಬುದು ನನ್ನ ಬಹಳ ದಿನದ ಆಸೆ.

ಹಳೆಯದರಿಂದ ಶುರುಮಾಡುತ್ತೇನೆ. ಕಾಳಿದಾಸನ ಶಾಕುಂತಲದ ಐದನೆಯ ಅಂಕದಲ್ಲಿ ಅರಮನೆಯ ಒಳಗಿನಿಂದ ರಾಣಿ ಹಂಸಪದಿಕೆ ಹಾಡುವುದು ದುಷ್ಯಂತನ ಕಿವಿಗೆ ಬೀಳುತ್ತದೆ. ಶಾಪದಿಂದಾಗಿ ಅವನು ಶಕುಂತಲೆಯನ್ನು ಪೂರ್ತಿ ಮರೆತಿದ್ದಾನೆ. ಅಗಲಿಕೆಯ ನೋವು ಇರಬೇಕಾದ ಕಾರಣವೇ ಅವನಿಗೆ ಗೊತ್ತಿಲ್ಲ. ಆದರೂ ಹಾಡು ಕೇಳುತ್ತ ಮನಸ್ಸು ಕಳವಳಗೊಳ್ಳುತ್ತದೆ. ಇಂಪಾದದ್ದನ್ನು ಕೇಳಿ ಸುಖವಾಗಿರುವವನೂ ತಳಮಳಿಸುತ್ತಾನೆಂದರೆ, ಅವನ ಮನಸ್ಸು ತನಗರಿವಿಲ್ಲದೆಯೇ ಹಿಂದಿನ ಜನ್ಮದ ನಂಟುಗಳನ್ನು ನೆನೆಯುತ್ತಿರಬೇಕು ಎಂದು ಅವನು ಯೋಚಿಸುತ್ತಾನೆ. ಕಾಶ್ಮೀರದ ಅಭಿನವಗುಪ್ತ ರಸದ ಬಗ್ಗೆ ಬರೆಯುವಾಗ ಈ ಸಂದರ್ಭವನ್ನೇ ಎತ್ತಿಕೊಂಡದ್ದು ಸುಮ್ಮನೆ ಅಲ್ಲ. ಅವನ ಪ್ರಕಾರ ರಸಾನುಭವಕ್ಕೆ ಕೇಳುಗನೊಳಗೆ ‘ವಾಸನೆ’ ಇರಬೇಕು, ಎಂದರೆ ಹಿಂದಿನ ಅನುಭವಗಳು ಬಿಟ್ಟುಹೋದ ಗುರುತು. ಹಾಡು ಆ ಗುರುತನ್ನು ಮುಟ್ಟಿದಾಗ ಅದು ಎಚ್ಚರಗೊಳ್ಳುತ್ತದೆ. ಹೀಗೆ ಮುಟ್ಟಿಸಿಕೊಳ್ಳಬಲ್ಲವನೇ ಸಹೃದಯ. ಹಾಡಿನ ಅರ್ಧ ಹಾಡುವವನಲ್ಲಿ, ಇನ್ನರ್ಧ ಕೇಳುವವನಲ್ಲಿ ಎಂಬ ಮಾತನ್ನು ಇಷ್ಟು ಖಚಿತವಾಗಿ ಇನ್ನೆಲ್ಲೂ ನಾನು ಕಂಡಿಲ್ಲ. ನಮ್ಮ ಕವಿರಾಜಮಾರ್ಗವೂ ಸುಮಾರು 850ರಲ್ಲೇ ಓದು ಬರಹದ ಹಂಗಿಲ್ಲದೆ ಕಾವ್ಯದ ಮರ್ಮ ಬಲ್ಲ ಜನ ಈ ನಾಡಿನಲ್ಲಿದ್ದಾರೆಂದು ಹೆಮ್ಮೆಪಟ್ಟಿತು. ಕೇಳುಗನಿಗೆ ಶಾಸ್ತ್ರ ಗೊತ್ತಿರಬೇಕಿಲ್ಲ. ಒಳಗೆ ಏನಾದರೂ ಇರಬೇಕು, ಅಷ್ಟೇ.

ಆದರೆ ವಾಸನೆಯೊಂದೇ ಸಾಲದು. ಯಾವ ಹಾಡು ಬೇಕಾದರೂ ಅದನ್ನು ಮುಟ್ಟುವುದಿಲ್ಲವಲ್ಲ. ಮುಟ್ಟುವ ಹಾಡು ಏನು ಮಾಡುತ್ತದೆ?

ಧಾರವಾಡದ ಕಡೆ ಸಂಗೀತ ಕೇಳುವವರ ಬಾಯಲ್ಲಿ ‘ಜಾಗಾ’ ಎಂಬ ಮಾತಿದೆ. “ಏನ್ ಜಾಗಾ ತಗೊಂಡ್ರಪಾ!” ಎನ್ನುತ್ತಾರೆ. ರಾಗದ ಹರಹಿನೊಳಗೆ ಗವಾಯಿ ಹೋಗಿ ಕೈಯಿಟ್ಟ ಒಂದು ಸಣ್ಣ ತಾವು ಅದು. ಒಂದು ಸ್ವರದ ಮೇಲಿನ ತಡೆ, ಒಂದು ತಿರುವು, ಒಂದು ಇಳಿತ. ಯಾರನ್ನಾದರೂ ಇಷ್ಟದ ಹಾಡಿನ ಬಗ್ಗೆ ಕೇಳಿ ನೋಡಿ, ನನ್ನ ಅನುಭವದಲ್ಲಿ ಮೊದಲು ಹಾಡಿನ ಹೆಸರು ಹೇಳುತ್ತಾರೆ, ಆಮೇಲೆ ಹಾಡಿದವರದ್ದು. ಸ್ವಲ್ಪ ಒತ್ತಾಯಿಸಿದರೆ ಕೊನೆಗೆ ಒಂದು ಜಾಗಕ್ಕೆ ಬರುತ್ತಾರೆ. “ಅಲ್ಲೊಂದು ಕಡೆ ದನಿ ಸ್ವಲ್ಪ ಒಡೆಯುತ್ತೆ ನೋಡಿ, ಅಲ್ಲಿ.” “ಕೊಳಲು ನಿಂತು ಒಂದು ಕ್ಷಣ ಏನೂ ಇರಲ್ಲವಲ್ಲ, ಅಲ್ಲಿ.” ನಾವು ಇಡೀ ಹಾಡನ್ನು ಒಂದೇ ಸಮನೆ ಪ್ರೀತಿಸುವುದಿಲ್ಲ. ಒಂದು ಜಾಗವನ್ನು ಪ್ರೀತಿಸುತ್ತೇವೆ, ಉಳಿದ ಹಾಡು ಅಲ್ಲಿಗೆ ಹೋಗುವ ದಾರಿ. ದಾರಿಯಿಲ್ಲದೆ ಆ ಜಾಗವೊಂದನ್ನೇ ಕತ್ತರಿಸಿ ಕೇಳಿಸಿದರೆ ಅದು ಸಪ್ಪೆ.

ಇದಕ್ಕೆ ಕಾರಣ ಕಾಯುವಿಕೆ. ಅಮೆರಿಕದ ಲೆನರ್ಡ್ ಮೆಯರ್ 1956ರಲ್ಲಿ ಬರೆದ ಪುಸ್ತಕವೊಂದು ಸಂಗೀತದಲ್ಲಿ ಭಾವ ಹುಟ್ಟುವುದೇ ನಿರೀಕ್ಷೆಯಿಂದ ಎಂದು ವಾದಿಸಿತು. ಮುಂದೇನು ಬರುತ್ತದೆಂದು ಕಿವಿ ಊಹಿಸುತ್ತದೆ. ಸಂಗೀತ ಆ ಊಹೆಯನ್ನು ತಡಮಾಡುತ್ತದೆ, ತಪ್ಪಿಸುತ್ತದೆ, ಕೊನೆಗೆ ಈಡೇರಿಸುತ್ತದೆ. ಡೇವಿಡ್ ಹ್ಯೂರನ್ 2006ರಲ್ಲಿ ಇದನ್ನೇ ಮನೋವಿಜ್ಞಾನದ ನೆಲೆಯಲ್ಲಿ ವಿಸ್ತರಿಸಿದರು. ನಮಗೆ ಇದು ಹೊಸ ಸುದ್ದಿಯೇನಲ್ಲ. ಹಿಂದೂಸ್ತಾನಿ ಕಛೇರಿಯಲ್ಲಿ ಗಾಯಕ ತಾನುಗಳಲ್ಲಿ ಎಲ್ಲೆಲ್ಲೋ ಅಲೆದು, ಇನ್ನೇನು ತಪ್ಪಿಹೋದರು ಎನ್ನುವಷ್ಟರಲ್ಲಿ ಹಾಡಿನ ಮೊದಲ ಸಾಲಾದ ಮುಖಡಾ ಹಿಡಿದು ತಾಳದ ಮೊದಲ ಪೆಟ್ಟಾದ ‘ಸಮ್’ಗೆ ಬಂದು ಕೂತಾಗ ಇಡೀ ಸಭೆಯ ತಲೆಗಳು ಒಟ್ಟಿಗೆ ತೂಗುತ್ತವೆ. ಯಕ್ಷಗಾನದಲ್ಲಿ ಚೆಂಡೆಯ ಮುಕ್ತಾಯ ಬಂದು ಹೆಜ್ಜೆ ನಿಲ್ಲುವ ಕ್ಷಣವೂ ಅಂಥದೇ. ಬಯಲಲ್ಲಿ ಕೂತ ಮಕ್ಕಳಿಗೂ ಆ ಪೆಟ್ಟು ಎಲ್ಲಿ ಬೀಳುತ್ತದೆಂದು ಮೈಯಲ್ಲಿ ಗೊತ್ತು.

ಇಂಗ್ಲೆಂಡಿನ ಜಾನ್ ಸ್ಲೊಬೊಡಾ 1991ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಪ್ರಿಯ. ಅವರು ಕೇಳುಗರನ್ನು ‘ನಿಮಗೆ ಕಣ್ಣೀರು ಬರುವ, ಮೈ ಜುಮ್ಮೆನ್ನುವ ಜಾಗ ನಿಖರವಾಗಿ ಯಾವುದು’ ಎಂದು ಕೇಳಿ, ಆ ಜಾಗಗಳಲ್ಲಿ ಸಂಗೀತ ಏನು ಮಾಡುತ್ತಿದೆ ಎಂದು ನೋಡಿದರು. ಕಣ್ಣೀರು ತರಿಸುವ ಕಡೆ ಮತ್ತೆ ಮತ್ತೆ ಕಂಡ ಲಕ್ಷಣವೊಂದಿತ್ತು. ರಾಗ ತಾನು ತಲುಪಬೇಕಾದ ಸ್ವರಕ್ಕೆ ನೇರ ಬಾರದೆ, ಪಕ್ಕದ ಸ್ವರದ ಮೇಲೆ ಒರಗಿ, ಆಮೇಲೆ ಅಲ್ಲಿಗೆ ಇಳಿಯುವುದು. ಮೈ ಜುಮ್ಮೆನ್ನುವ ಕಡೆ ಹೆಚ್ಚಾಗಿ ಕಂಡದ್ದು ನೆನೆಸದ ತಿರುವು. ಗಮಕಗಳ ಮೇಲೆ, ಕಣಸ್ವರಗಳ ಮೇಲೆ ಕಟ್ಟಿದ ನಮ್ಮ ಸಂಗೀತ ಈ ಒರಗಿ ಇಳಿಯುವ ಕೆಲಸವನ್ನು ಉಸಿರಾಟದಂತೆ ಮಾಡುತ್ತದೆ. ‘ಜೀವನ ಚೈತ್ರ’ದ ‘ನಾದಮಯ’ ಹಾಡಿಗೆ ರಾಜ್‌ಕುಮಾರ್ ಅವರಿಗೆ ಗಾಯನದ ರಾಷ್ಟ್ರಪ್ರಶಸ್ತಿ ಬಂತು. ಅದು ತೋಡಿ ರಾಗದಲ್ಲಿ ಆರಂಭವಾಗುತ್ತದೆಂದು ಬಲ್ಲವರು ಎಷ್ಟು ಜನರೋ ನಾನರಿಯೆ. ತೋಡಿಯ ಹೆಸರನ್ನೇ ಕೇಳದ ಆಟೊ ಚಾಲಕರೊಬ್ಬರು ಸಿಗ್ನಲ್‌ನಲ್ಲಿ ಆ ಹಾಡಿನ ಒಂದು ಎಳೆತಕ್ಕೆ ಕಣ್ಣುಮುಚ್ಚಿ ಕತ್ತು ಓರೆಮಾಡಿದ್ದನ್ನು ಕನ್ನಡಿಯಲ್ಲಿ ನೋಡಿದ್ದೇನೆ.

ಮೆದುಳಿನೊಳಗೆ ಆಗುವುದನ್ನು ಅಳೆದವರು ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದವರು. 2001ರಲ್ಲಿ ಆ್ಯನ್ ಬ್ಲಡ್ ಮತ್ತು ರಾಬರ್ಟ್ ಜಟೋರೆ ಮಾಡಿದ ಪ್ರಯೋಗದಲ್ಲಿ ಪ್ರತಿಯೊಬ್ಬರೂ ತಮಗೆ ರೋಮಾಂಚನ ಕೊಡುವ ಸಂಗೀತವನ್ನು ತಾವೇ ತಂದರು. ಒಬ್ಬರು ತಂದದ್ದನ್ನು ಹೋಲಿಕೆಗಾಗಿ ಇನ್ನೊಬ್ಬರಿಗೂ ಕೇಳಿಸಿದರು. ಅದೇ ಧ್ವನಿ, ಅದೇ ಅಳತೆ. ಒಬ್ಬರ ಮೈ ನವಿರೇಳುತ್ತದೆ, ಇನ್ನೊಬ್ಬರಿಗೆ ಏನೂ ಆಗುವುದಿಲ್ಲ. ರೋಮಾಂಚನವಾದವರ ಮೆದುಳಿನಲ್ಲಿ ಚುರುಕಾದದ್ದು ಹಸಿವು ತೀರಿದಾಗ ಸುಖ ಕೊಡುವ ಭಾಗಗಳೇ. 2011ರಲ್ಲಿ ವಲೋರಿ ಸಲಿಂಪೂರ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಸುಖದ ಜೊತೆ ನಂಟಿರುವ ಡೋಪಮೈನ್ ಎಂಬ ರಾಸಾಯನಿಕ ಎರಡು ಹೊತ್ತಿನಲ್ಲಿ, ಎರಡು ಬೇರೆ ಕಡೆ ಬಿಡುಗಡೆಯಾಗುತ್ತಿತ್ತು. ಇಷ್ಟದ ಜಾಗ ಬಂದಾಗ ಒಂದು ಕಡೆ. ಅದಕ್ಕೂ ಕೆಲವು ಸೆಕೆಂಡು ಮೊದಲು, ಇನ್ನೇನು ಬರುತ್ತದೆ ಎಂಬ ಕಾಯುವಿಕೆಯಲ್ಲಿ ಇನ್ನೊಂದು ಕಡೆ. ಕಾಯುವುದೇ ಒಂದು ಸುಖ, ಸಿಗುವುದು ಬೇರೆ ಸುಖ. ಹಬ್ಬದ ಹಿಂದಿನ ಸಂಜೆಯನ್ನು ಬಲ್ಲ ಯಾರಿಗೂ ಇದು ಅರ್ಥವಾಗುತ್ತದೆ.

ಇಲ್ಲೊಂದು ತೊಡಕಿದೆ. ಹೊಸ ಹಾಡಾದರೆ ಅಚ್ಚರಿ ಸರಿ. ಬಾಯಿಪಾಠವಾದ ಹಾಡಿನಲ್ಲಿ, ಮುಂದಿನ ಸ್ವರ ಯಾವುದೆಂದು ನಿಖರವಾಗಿ ಗೊತ್ತಿರುವಲ್ಲಿ, ಅಚ್ಚರಿಗೆ ಎಡೆಯೆಲ್ಲಿ? ಜಮ್‌ಶೇದ್ ಭರೂಚ ಎಂಬ ಮನೋವಿಜ್ಞಾನಿ ಇದಕ್ಕೊಂದು ಒಳ್ಳೆಯ ವಿವರಣೆ ಕೊಟ್ಟರು. ನಮ್ಮೊಳಗೆ ಎರಡು ಬಗೆಯ ನಿರೀಕ್ಷೆಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಒಂದು, ಈ ಹಾಡಿನ ನೆನಪು. ಇನ್ನೊಂದು, ಹುಟ್ಟಿದಂದಿನಿಂದ ಕೇಳಿದ ಎಲ್ಲ ಸಂಗೀತ ಮನಸ್ಸಿನಲ್ಲಿ ಹಾಕಿರುವ ಜಾಡು. ನೆನಪಿಗೆ ಗೊತ್ತು, ಇಲ್ಲಿ ತಿರುವು ಇದೆ ಎಂದು. ಆದರೆ ಜಾಡು ಪ್ರತಿಸಲವೂ ನೇರವಾಗೇ ಹೋಗುತ್ತದೆ, ಪ್ರತಿಸಲವೂ ತಪ್ಪುತ್ತದೆ. ಗೊತ್ತಿದ್ದೂ ಬೆರಗಾಗುವ ಈ ಶಕ್ತಿಯೇ ಇಷ್ಟದ ಹಾಡಿನ ಜೀವಾಳ ಎಂದು ನಾನು ನಂಬುತ್ತೇನೆ. ರಾಮಾಯಣದ ಕತೆ ಗೊತ್ತಿದ್ದೂ ತಾಳಮದ್ದಳೆಗೆ ರಾತ್ರಿಯಿಡೀ ಕೂರುವ ಜನ ನಾವು. ಇದನ್ನು ನಮಗೆ ಬಿಡಿಸಿ ಹೇಳಬೇಕಿಲ್ಲ.

ಅಚ್ಚರಿ ಎಷ್ಟಿರಬೇಕು ಎಂಬುದಕ್ಕೂ ಲೆಕ್ಕ ಹಾಕಿದ್ದಾರೆ. 2019ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿನ್ಸೆಂಟ್ ಚಿಯಂಗ್ ಮತ್ತು ಸಂಗಡಿಗರು ಅಮೆರಿಕದ 745 ಜನಪ್ರಿಯ ಹಾಡುಗಳ ಸುಮಾರು 80,000 ಕಾರ್ಡ್‌ಗಳನ್ನು, ಎಂದರೆ ಒಟ್ಟಿಗೆ ನುಡಿಯುವ ಸ್ವರಮೇಳಗಳನ್ನು, ಕಂಪ್ಯೂಟರಿಗೆ ಕೊಟ್ಟು, ಯಾವುದು ಎಷ್ಟು ಅನಿರೀಕ್ಷಿತ ಎಂದು ಎಣಿಸಿದರು. ಮುಂದೇನೆಂದು ಖಚಿತವಿದ್ದಾಗ ಬಂದ ಅಚ್ಚರಿಯೂ, ಏನೂ ಖಚಿತವಿಲ್ಲದಾಗ ಬಂದ ನಿರೀಕ್ಷಿತ ಸ್ವರಮೇಳವೂ ಕೇಳುಗರಿಗೆ ಹೆಚ್ಚು ಹಿಡಿಸಿದವು. ಒಳ್ಳೆಯ ಕೆಲಸ, ಆದರೆ ಒಂದು ಮಾತು ಹೇಳಲೇಬೇಕು. ಇದು ಕಾರ್ಡ್‌ಗಳ ಲೋಕದ ಲೆಕ್ಕ. ಒಂದೇ ಷಡ್ಜದ ಮೇಲೆ ನಿಂತು, ಒಂದೇ ಸ್ವರವನ್ನು ಹತ್ತು ಬಗೆಯಲ್ಲಿ ಅಲುಗಿಸುವ ಸಂಗೀತಕ್ಕೆ ಇದೇ ಕೋಲು ಹಿಡಿದರೆ ಅಳತೆ ತಪ್ಪುತ್ತದೆ. ದರ್ಬಾರಿ ರಾಗದ ಕೋಮಲ ಗಾಂಧಾರದ ಆಂದೋಲನದಲ್ಲಿರುವ ಅಚ್ಚರಿಯನ್ನು ಯಾವ ಕಾರ್ಡ್ ಎಣಿಕೆ ಹಿಡಿದೀತು? ನಮ್ಮ ರಾಗಗಳ ಮೇಲೆ ಇಂಥ ಕೆಲಸ ಇನ್ನೂ ಬಹಳ ಆಗಬೇಕಿದೆ.

ಕಿವಿಯ ರುಚಿ ಎಲ್ಲೆಡೆ ಒಂದೇ ಎಂದೂ ಹೇಳುವಂತಿಲ್ಲ. ಬೊಲಿವಿಯಾದ ಅಮೆಜಾನ್ ಕಾಡಿನಂಚಿನ ಚಿಮಾನೆ ಜನರಿಗೆ, ನಮಗೆ ಇಂಪು ಅನ್ನಿಸುವ ಸ್ವರಜೋಡಿಯೂ ಕರ್ಕಶ ಅನ್ನಿಸುವ ಜೋಡಿಯೂ ಒಂದೇ ಸಮನಾಗಿ ಹಿತವೆನಿಸಿದವು ಎಂದು 2016ರ ಅಧ್ಯಯನವೊಂದು ತಿಳಿಸಿತು. ಅದರ ಜೊತೆಗೇ 1999ರ ಇನ್ನೊಂದು ಪ್ರಯೋಗವನ್ನು ಇಡಬೇಕು. ಹಿಂದೂಸ್ತಾನಿ ರಾಗಗಳ ಪರಿಚಯವೇ ಇಲ್ಲದ ಪಶ್ಚಿಮದ ಕೇಳುಗರು ಅವುಗಳಲ್ಲಿನ ಸಂತೋಷ, ದುಃಖ, ಕೋಪವನ್ನು ಗುರುತಿಸಿದರು. ಶಾಂತವನ್ನು ಮಾತ್ರ ಅಷ್ಟು ಸರಿಯಾಗಿ ಗುರುತಿಸಲಾಗಲಿಲ್ಲ. ಭರತನ ಎಂಟು ರಸಗಳ ಪಕ್ಕದಲ್ಲಿ ಶಾಂತಕ್ಕೆ ಜಾಗ ಮಾಡಿಕೊಡಲು ಅಭಿನವಗುಪ್ತ ಅಷ್ಟೊಂದು ವಾದಿಸಬೇಕಾಗಿ ಬಂದದ್ದು ನೆನಪಾಗುತ್ತದೆ. ಕೆಲವು ಭಾವಗಳು ಲಯದ ವೇಗ, ದನಿಯ ಏರಿಳಿತದಲ್ಲೇ ದಾಟಿಬರುತ್ತವೆ. ಕೆಲವಕ್ಕೆ ಆ ನೆಲದಲ್ಲಿ ಬೆಳೆದ ಕಿವಿ ಬೇಕು. ಇನ್ನು, ಕಿವಿ ಚೆನ್ನಾಗಿದ್ದೂ, ಬೇರೆ ಸುಖಗಳೆಲ್ಲ ಇದ್ದೂ, ಯಾವ ಸಂಗೀತವೂ ಏನೂ ಮಾಡದ ಜನರೂ ಇದ್ದಾರೆಂದು 2014ರಲ್ಲಿ ಬಾರ್ಸಿಲೋನಾದ ಸಂಶೋಧಕರು ತೋರಿಸಿದರು. ಅಂಥವರನ್ನು ಅರಸಿಕರೆಂದು ಹಂಗಿಸುವುದನ್ನು ನಾವು ಬಿಡಬೇಕು.

ಮತ್ತೆ ಮತ್ತೆ ಕೇಳುವುದರ ಪಾತ್ರ ದೊಡ್ಡದು. ರಾಬರ್ಟ್ ಜಯೊನ್ಸ್ 1968ರಲ್ಲಿ ಅರ್ಥವಿಲ್ಲದ ಪದಗಳನ್ನೂ ಅಪರಿಚಿತ ಮುಖಗಳನ್ನೂ ಜನರಿಗೆ ಪದೇ ಪದೇ ತೋರಿಸಿ, ಹೆಚ್ಚು ಸಲ ಕಂಡದ್ದು ಹೆಚ್ಚು ಇಷ್ಟವಾಗುತ್ತದೆಂದು ಸಾಬೀತುಪಡಿಸಿದರು. ಹಾಡಿಗೂ ಇದು ಸಲ್ಲುತ್ತದೆ, ಒಂದು ಮಿತಿಯವರೆಗೆ. ಡೇನಿಯಲ್ ಬರ್ಲೈನ್ ತೋರಿಸಿದ ಹಾಗೆ ಇಷ್ಟ ಗುಡ್ಡ ಹತ್ತಿ ಇಳಿದಂತೆ: ಮೊದಮೊದಲು ಏರುತ್ತದೆ, ತುದಿ ಮುಟ್ಟುತ್ತದೆ, ಆಮೇಲೆ ಬೇಸರದ ಇಳಿಜಾರು. ಪ್ರತಿ ಮದುವೆ ಮನೆಯಲ್ಲೂ ಕೇಳಿ ಕೇಳಿ ಕಿವಿ ತುಂಬಿದ ಹಾಡು ಆರು ತಿಂಗಳಿಗೆ ಕಾಣೆಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಕೆಲವು ಹಾಡುಗಳು ಇಳಿಯುವುದೇ ಇಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಜನರನ್ನು ಅವರ ಅತಿ ಇಷ್ಟದ ಹಾಡಿನ ಬಗ್ಗೆ ವಿಚಾರಿಸಿದಾಗ, ಸಂತೋಷದ ಹಾಡನ್ನು ಮೆಚ್ಚಿದವರಿಗಿಂತ ಸಿಹಿಯೂ ನೋವೂ ಬೆರೆತ ಹಾಡನ್ನು ಮೆಚ್ಚಿದವರು ಅದನ್ನು ಎಷ್ಟೋ ಪಟ್ಟು ಹೆಚ್ಚು ಸಲ ಕೇಳಿದ್ದರು. ನಲಿವಿನ ಹಾಡು ಬೇಗ ಖರ್ಚಾಗುತ್ತದೆ. ನೋವು ಬೆರೆತದ್ದು ಬಾಳಿಕೆ ಬರುತ್ತದೆ.

ದುಃಖದ ಹಾಡು ಹಿತವಾಗುವುದೇಕೆ ಎಂಬುದಕ್ಕೆ ಹಾರ್ಮೋನುಗಳ ಕಡೆಯಿಂದ ಕೆಲವು ಊಹೆಗಳು ಬಂದಿವೆ, ಯಾವುದೂ ಗಟ್ಟಿಯಾಗಿ ನಿಂತಿಲ್ಲ. ಅಲಂಕಾರಶಾಸ್ತ್ರದ ಮಾತೇ ನನಗೆ ಹೆಚ್ಚು ಒಪ್ಪಿಗೆ. ಶೋಕ ಬೇರೆ, ಕರುಣ ಬೇರೆ. ಶೋಕ ನನ್ನದು, ನನ್ನ ಮನೆಯದು, ಅದು ಸುಡುತ್ತದೆ. ಹಾಡಿನಲ್ಲಿ ಅದು ಯಾರೊಬ್ಬರದೂ ಆಗಿ ಉಳಿಯುವುದಿಲ್ಲ, ಎಲ್ಲರದೂ ಆಗುತ್ತದೆ. ಆಗ ಅಳು ಬಂದರೂ ಅದರಲ್ಲಿ ಭಾರವಿಲ್ಲ. ಅಮ್ಮ ಹೋದ ವರ್ಷ ನಾನು ಸಂತೋಷದ ಹಾಡು ಯಾವುದನ್ನೂ ಕೇಳಲಾಗಲಿಲ್ಲ. ಕೇಳಿದ್ದೆಲ್ಲ ಮೆಲ್ಲನೆಯ, ನೋವಿನ ಹಾಡುಗಳು, ಅವೇ ನನ್ನನ್ನು ಎತ್ತಿ ನಿಲ್ಲಿಸಿದವು.

ಕನ್ನಡದ ಓದುಗರು ಇಲ್ಲಿ ‘ಸಾಹಿತ್ಯದ ಮಾತೇ ಬರಲಿಲ್ಲವಲ್ಲ’ ಎಂದು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಕವಿತೆಯನ್ನೇ ಹಾಡಾಗಿಸಿ ಮನೆಮನೆಗೆ ಮುಟ್ಟಿಸಿದ ನಾಡು ಇದು. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಇವರಿಲ್ಲದಿದ್ದರೆ ಕುವೆಂಪು, ಬೇಂದ್ರೆ ಅವರ ಕವಿತೆಗಳು ಶಾಲೆ ಬಿಟ್ಟ ಮೇಲೂ ನಮ್ಮ ನಾಲಿಗೆಯ ಮೇಲೆ ಇರುತ್ತಿದ್ದವೇ? ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂದಾಗ ಸುಗಮ ಸಂಗೀತಕ್ಕೆ ಹೊಸ ದಾರಿಯೇ ತೆರೆಯಿತು. 1942ರಲ್ಲಿ ಪುಸ್ತಕವಾಗಿ ಬಂದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಅರ್ಧ ಶತಮಾನದ ಮೇಲೆ ಟಿ. ಎಸ್. ನಾಗಾಭರಣರ ಚಿತ್ರದಲ್ಲಿ ಅಶ್ವತ್ಥರ ರಾಗ ತೊಟ್ಟು ಬಂದಾಗ, ಅದನ್ನು ಮೊದಲೇ ಓದಿ ಬಲ್ಲವರಿಗೆ ತಮ್ಮ ಮನಸ್ಸಿನಲ್ಲಿದ್ದ ದನಿಯೇ ಹೊರಗೆ ಕೇಳಿದಂತಾಯಿತು.

ಮಾತು ಮತ್ತು ರಾಗ ಬೇರೆಬೇರೆಯಾಗಿ ಎಷ್ಟು ಕೆಲಸ ಮಾಡುತ್ತವೆ ಎಂದು ಪರೀಕ್ಷಿಸಿದ 2006ರ ಅಧ್ಯಯನವೊಂದರಲ್ಲಿ ಸಿಕ್ಕ ಫಲ ಕುತೂಹಲದ್ದು. ದುಃಖದ ಮತ್ತು ಕೋಪದ ಸಂಗೀತಕ್ಕೆ ಸಾಹಿತ್ಯ ಸೇರಿದಾಗ ಭಾವ ಹೆಚ್ಚಿತು, ಸಂತೋಷದ ಮತ್ತು ನೆಮ್ಮದಿಯ ಸಂಗೀತಕ್ಕೆ ಸೇರಿದಾಗ ಕಡಿಮೆಯಾಯಿತು. ನಲಿವಿಗೆ ಮಾತು ಬೇಕಾಗದು, ನೋವಿಗೆ ಬೇಕು. ಆದರೆ ಆ ಮಾತು ಪೂರ್ತಿ ಅರ್ಥವಾಗಿರಬೇಕೆಂದಿಲ್ಲ. ಶಿಶುನಾಳ ಷರೀಫರ ತತ್ವಪದಗಳನ್ನೇ ನೋಡಿ. 1819ರಿಂದ 1889ರವರೆಗೆ ಬಾಳಿದ ಆ ಸಂತ ಯೋಗದ ಗುಟ್ಟುಗಳನ್ನು ಮನೆ, ಮಳೆ, ಕೋಳಿ, ಕೊಡಗಳ ಮಾತಿನಲ್ಲಿ ಕಟ್ಟಿಟ್ಟರು. ಹಳೆ ಮೈಸೂರಿನ ಎಷ್ಟೋ ಜನ ಆ ಗಂಟನ್ನು ಬಿಚ್ಚದೆಯೇ ಹಾಡನ್ನು ಹಾಡಿಕೊಂಡೇ ಬಂದಿದ್ದಾರೆ. ಒಳಗೇನೋ ಇದೆ ಎಂದು ಗೊತ್ತು, ಏನೆಂದು ಪೂರ್ತಿ ಗೊತ್ತಿಲ್ಲ. ಆ ಅರೆಗತ್ತಲೆಯಲ್ಲೇ ಕೇಳುಗ ತನ್ನದನ್ನು ಇಟ್ಟುಕೊಳ್ಳುತ್ತಾನೆ. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ಯಲ್ಲಿ ಜಯಂತ ಕಾಯ್ಕಿಣಿ ಬರೆದದ್ದಕ್ಕೆ ಒಂದು ತಲೆಮಾರು ಮರುಳಾದ್ದೂ ಹೀಗೆಯೇ. ಅಲ್ಲಿ ಯಾಕೆ ಹೀಗನ್ನಿಸುತ್ತಿದೆ ಎಂಬುದಕ್ಕೆ ಉತ್ತರವಿಲ್ಲ. ಉತ್ತರವನ್ನು ಕೇಳಿದವರೇ ತುಂಬಿಕೊಂಡರು. ಎಲ್ಲವನ್ನೂ ಹೇಳಿಬಿಡುವ ಹಾಡು ಇಷ್ಟವಾಗಬಹುದು, ಪರಿಪೂರ್ಣ ಅನ್ನಿಸುವುದು ಕಷ್ಟ.

ಮೊದಲು ಕಿವಿಗೆ ಬಿದ್ದದ್ದೇ ಮೂಲ ಅನ್ನಿಸುವ ಇನ್ನೊಂದು ಗುಣವಿದೆ. ಪುರಂದರದಾಸರ ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಕರ್ನಾಟಕ ಸಂಗೀತದ ಮನೆಗಳಲ್ಲಿ ಮಧ್ಯಮಾವತಿ ರಾಗದಲ್ಲಿ ಬೆಳೆದದ್ದು. ಗದುಗಿನ ಭೀಮಸೇನ ಜೋಶಿಯವರ ದನಿಯಲ್ಲಿ ಅದನ್ನು ಮೊದಲು ಕೇಳಿದವರಿಗೆ ಅದರ ನಡೆಯೇ ಬೇರೆ. ಎರಡು ಮನೆಯವರೂ ತಮ್ಮದೇ ಸರಿ ಎನ್ನುತ್ತಾರೆ, ಇಬ್ಬರೂ ಪ್ರಾಮಾಣಿಕರೇ.

ಹಾಗಾದರೆ ಆ ಮೊದಲ ಕೇಳುವಿಕೆ ಯಾವ ವಯಸ್ಸಿನಲ್ಲಿ ಆಗುತ್ತದೆ? ಇದರ ಬಗ್ಗೆ ಸಂಶೋಧಕರಲ್ಲಿ ಬಹುಮಟ್ಟಿಗೆ ಒಮ್ಮತವಿದೆ. ಸುಮಾರು ಹತ್ತರಿಂದ ಇಪ್ಪತ್ತೈದರ ನಡುವೆ ಕೇಳಿದ ಹಾಡುಗಳು ಆಮೇಲಿನ ಜೀವನದಲ್ಲೆಲ್ಲ ಎತ್ತರದಲ್ಲಿ ನಿಲ್ಲುತ್ತವೆ. ಮೀಸೆ ಮೂಡುವ, ಊರು ಬಿಡುವ, ಮೊದಲ ಸಲ ಯಾರನ್ನೋ ನೆನೆದು ನಿದ್ದೆಗೆಡುವ ಕಾಲ. 2009ರಲ್ಲಿ ಕ್ಯಾಲಿಫೋರ್ನಿಯಾದ ಪೀಟರ್ ಜನಾಟ, ಹಳೆಯ ಹಾಡು ಸ್ವಂತ ನೆನಪನ್ನು ಎಬ್ಬಿಸಿದಾಗ ಹಣೆಯ ಹಿಂದಿನ ಮೆದುಳಿನ ಒಂದೇ ಭಾಗದಲ್ಲಿ ಹಾಡೂ ನೆನಪೂ ಕೂಡಿಕೊಳ್ಳುವುದನ್ನು ತೋರಿಸಿದರು. 2013ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರೊಲ್ ಕ್ರುಮ್‌ಹಾನ್ಸಲ್ ಇನ್ನೂ ಸೊಗಸಾದ ಸಂಗತಿಯನ್ನು ಕಂಡರು. ಇಪ್ಪತ್ತರ ಹರೆಯದವರಿಗೆ ತಮ್ಮ ಕಾಲದ ಹಾಡುಗಳಲ್ಲದೆ, ತಂದೆತಾಯಿ ಹರೆಯದಲ್ಲಿದ್ದಾಗಿನ ಹಾಡುಗಳೂ ಅಚ್ಚುಮೆಚ್ಚು. ಇಷ್ಟವೂ ಆಸ್ತಿಯ ಹಾಗೆ ಕೈಯಿಂದ ಕೈಗೆ ಬರುತ್ತದೆ.

ಇದನ್ನು ನಾನು ಮನೆಯಲ್ಲೇ ಕಂಡೆ. ಅಣ್ಣ ಅಮೆರಿಕಕ್ಕೆ ಹೋಗಿ ನೆಲೆಸುವ ಮೊದಲು ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ನ್ಯೂಜೆರ್ಸಿಯಲ್ಲಿ ಹುಟ್ಟಿದ ಅವನ ಮಗಳು ಶಾಲೆಗೆ ಹೋಗಿಬರುವ ಕಾರಿನಲ್ಲಿ ಅದನ್ನೇ ಕೇಳುತ್ತ ಬೆಳೆದಳು. ರಜೆಗೆ ಬಂದಾಗ ನನ್ನ ಫೋನಿನಲ್ಲಿ ‘ಗಗನವು ಎಲ್ಲೋ’ ಹಾಕಿದೆ. ಕಣ್ಣರಳಿಸಿ ಜೊತೆಗೆ ಗುನುಗುತ್ತ ಹೋದಳು. ಚರಣ ಮುಗಿಯಿತು. ತಟ್ಟನೆ ನಿಲ್ಲಿಸಿ, “ಚಿಕ್ಕಪ್ಪ, ಇದ್ರಲ್ಲಿ ವಿಸಲ್ ಇಲ್ಲ. ಅಜ್ಜಿ ಮಾತೂ ಇಲ್ಲ” ಎಂದಳು. ಅಜ್ಜಿಯನ್ನು ಅವಳು ನೋಡಿದ್ದು ಎರಡೇ ಸಲ.

ಸುತ್ತಲಿನವರ ಮೆಚ್ಚುಗೆಯೂ ನಮ್ಮ ಕಿವಿಯನ್ನು ತಿದ್ದುತ್ತದೆ. 2006ರಲ್ಲಿ ಮ್ಯಾಥ್ಯೂ ಸಾಲ್ಗನಿಕ್ ಮತ್ತು ಸಂಗಡಿಗರು ಹೆಸರು ಕೇಳದ ತಂಡಗಳ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದಿಟ್ಟರು. ಉಳಿದವರು ಯಾವುದನ್ನು ಎಷ್ಟು ಸಲ ಪಡೆದುಕೊಂಡರೆಂಬ ಎಣಿಕೆ ಕಂಡ ಗುಂಪುಗಳಲ್ಲಿ ಗೆದ್ದ ಹಾಡು ಗುಂಪಿನಿಂದ ಗುಂಪಿಗೆ ಬೇರೆಯಾಯಿತು. ತೀರ ಒಳ್ಳೆಯದು ಸೋತದ್ದು ಅಪರೂಪ, ತೀರ ಕೆಟ್ಟದ್ದು ಗೆದ್ದದ್ದೂ ಅಪರೂಪ. ನಡುವಿನವುಗಳ ಹಣೆಬರಹವನ್ನು ಗುಂಪೇ ಬರೆಯಿತು. ಆದರೆ ಜನಪ್ರಿಯತೆ ಒಂದು, ನನ್ನ ಹಾಡು ಇನ್ನೊಂದು. ನಾವು ಕೇಳಿದ್ದನ್ನೇ ಎಣಿಸಿ ಮುಂದಿನದನ್ನು ಸೂಚಿಸುವ ಆ್ಯಪ್‌ಗಳು ಮೊದಲನೆಯದನ್ನು ಚೆನ್ನಾಗಿ ಬಲ್ಲವು. ಎರಡನೆಯದು ಅವುಗಳ ಕೈಗೆ ಸಿಗುವುದಿಲ್ಲ ಎಂಬುದು ನನ್ನ ಅನುಭವ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಇದು. ಹಾಡು ಕಟ್ಟುವವರು ಒಂದು ಜಾಗವನ್ನು ಮಾಡಿ, ಅಲ್ಲಿಗೆ ಕಾಯಿಸುವ ದಾರಿಯನ್ನೂ ಹಾಕಬಲ್ಲರು. ಅದು ಅವರ ಕಸುಬು, ಅದರಲ್ಲಿ ಜಾಣರೂ ದಡ್ಡರೂ ಇದ್ದಾರೆ. ಆ ಜಾಗದಲ್ಲಿ ಬಂದು ಕೂರುವುದು ಮಾತ್ರ ಕೇಳುಗನ ಬದುಕು. ಪ್ರಯೋಗಾಲಯಗಳು ದಾರಿಯನ್ನು ಅಳೆದಿವೆ, ತಲುಪಿದಾಗಿನ ಸುಖವನ್ನೂ ಅಳೆದಿವೆ. ಅಲ್ಲಿ ಯಾರ ಅಮ್ಮನ ದನಿ ಕೂತಿದೆ ಎಂಬುದನ್ನು ತಿಳಿಯಲು ಇವತ್ತಿಗೂ ಕೇಳುಗನನ್ನೇ ಕೇಳಬೇಕು. ಅಭಿನವಗುಪ್ತನ ಉತ್ತರವನ್ನು ಯಾವ ಯಂತ್ರವೂ ಇನ್ನೂ ಹಿಂದೆ ಹಾಕಿಲ್ಲ.

ಒಂದು ವಿನಂತಿಯಿದೆ. ಬಹಳ ಕಾಲದಿಂದ ಬಲ್ಲ ಹಾಡುಗಳ ನೆನಪನ್ನು ಹಿಡಿದಿಡುವ ಮೆದುಳಿನ ಭಾಗಗಳನ್ನು ಆಲ್ಝೈಮರ್ಸ್ ಕಾಯಿಲೆ ತಡವಾಗಿ ಮುಟ್ಟುತ್ತದೆಂದು ಲೈಪ್‌ಜಿಗ್‌ನ ಸಂಶೋಧಕರು 2015ರಲ್ಲಿ ಕಂಡುಕೊಂಡರು. ಮಕ್ಕಳ ಹೆಸರು ಮರೆತವರೂ ಹಾಡು ಕೇಳಿ ತುಟಿಯಾಡಿಸುವುದು ಇದರಿಂದಲೇ ಇರಬಹುದು. ನಿಮ್ಮ ಮನೆಯ ಹಿರಿಯರು ಮಾತಾಡುವ ಸ್ಥಿತಿಯಲ್ಲಿರುವಾಗಲೇ ಅವರ ಹಾಡು ಯಾವುದೆಂದು ಕೇಳಿ. ಯಾರ ದನಿಯಲ್ಲಿ, ಯಾವ ಜಾಗದಲ್ಲಿ ಎಂದೂ ಕೇಳಿ. ಕೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ. ನಾನು ಅಮ್ಮನನ್ನು ಕೇಳಲಿಲ್ಲ.